ಬಂಡೆಯ ಬಣ್ಣದ ಹಕ್ಕಿಗಳ ಫೋಟೊ: ಹತ್ತಿರ ಹೋಗಬೇಡಿ, ಕೂತು ಕಾಯಿರಿ

ಪ್ರಶ್ನೆ: ನಾನು ಕೊಪ್ಪಳ ಕಡೆಯವನು. ಹಕ್ಕಿ ಫೋಟೊ ತೆಗೆಯುವ ಹುಚ್ಚು. ಕೆರೆ ಹಕ್ಕಿಗಳ ಫೋಟೊ ಚೆನ್ನಾಗಿ ಬರುತ್ತೆ. ಆದರೆ ಹಂಪಿ, ದರೋಜಿ ಕರಡಿಧಾಮದ ಸುತ್ತಿನ ಬಂಡೆಗಳಲ್ಲಿರುವ ಲಾವಕ್ಕಿ, ಪೇಂಟೆಡ್ ಸ್ಯಾಂಡ್‌ಗ್ರೌಸ್ (ಪಾರಿವಾಳದಂಥ ನೆಲದ ಹಕ್ಕಿ), ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಕಣ್ಣಿಗೇ ಬೀಳಲ್ಲ. ಕಾಲ ಕೆಳಗಿಂದ ಎದ್ದು ಹಾರಿದ ಮೇಲೆ ಗೊತ್ತಾಗುತ್ತೆ. ಅಪ್ಪಿತಪ್ಪಿ ಒಂದು ಕೂತಿದ್ದರೆ ಫೋಕಸ್ ಹೋಗಿ ಕಲ್ಲಿನ ಮೇಲೆ ನಿಲ್ಲುತ್ತೆ. ನನ್ನ ಹತ್ತಿರ 150–600 ಮಿ.ಮೀ. ಲೆನ್ಸ್ ಇದೆ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯಬಹುದಾ? ಇನ್ನೂ ದೊಡ್ಡ ಲೆನ್ಸ್ ಬೇಕಾ?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಕೆರೆಯ ಹಕ್ಕಿಗೆ ಭಯವಾದರೆ ಹಾರುತ್ತದೆ. ಬಂಡೆ, ಕುರುಚಲು ಕಾಡಿನ ನೆಲದ ಹಕ್ಕಿಗೆ ಭಯವಾದರೆ ಕೂರುತ್ತದೆ. ಕೆರೆಯಲ್ಲಿ ಕಲಿತ ಲೆಕ್ಕ ಇಲ್ಲಿ ತಲೆಕೆಳಗಾಗುವುದು ಇದರಿಂದಲೇ. 'ಅಲ್ಲಾಡದೆ ಕೂತಿದೆ, ನನಗೆ ಹೊಂದಿಕೊಂಡಿದೆ' ಅಂದುಕೊಂಡು ಒಂದೊಂದೇ ಹೆಜ್ಜೆ ಮುಂದಿಡುತ್ತೀರಿ. ಅದು ಹೊಂದಿಕೊಂಡಿರುವುದಿಲ್ಲ. ಉಸಿರು ಬಿಗಿಹಿಡಿದು, 'ನನ್ನನ್ನು ನೋಡಿಲ್ಲ' ಅನ್ನುವ ಒಂದೇ ಆಸೆಯಲ್ಲಿ ಕೂತಿರುತ್ತದೆ. ಆ ಆಸೆ ಮುಗಿದ ಕ್ಷಣ ಏಳುತ್ತದೆ. ನಿಮಗೆ ಸಿಗುವುದು ಭಯಪಟ್ಟ ಹಕ್ಕಿಯ ಫೋಟೊ, ಇಲ್ಲವೇ ಖಾಲಿ ಕಲ್ಲು.

ಪೇಂಟೆಡ್ ಸ್ಯಾಂಡ್‌ಗ್ರೌಸ್ ಹೆಣ್ಣನ್ನು ಒಮ್ಮೆ ಬೈನಾಕ್ಯುಲರ್‌ನಲ್ಲಿ ಗಮನವಿಟ್ಟು ನೋಡಿ. ಗಿಡ್ಡ ಕಾಲಿನಲ್ಲಿ ಮೆಲ್ಲಗೆ ನಡೆಯುತ್ತಾ ಬೀಜ ಹೆಕ್ಕುತ್ತಿರುತ್ತದೆ. ಏನೋ ಅನುಮಾನ ಬಂತು ಅಂದರೆ ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಕಾಲು ಮಡಚಿ ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ. ಹೊಟ್ಟೆಯ ಕೆಳಗಿದ್ದ ನೆರಳು ಆಗ ಮಾಯ. ನೆರಳು ಹೋದರೆ ಹಕ್ಕಿಯೂ ಹೋದ ಹಾಗೇ. ಮೈತುಂಬ ಇರುವ ಕಪ್ಪು, ಕಂದು ಅಡ್ಡಗೆರೆಗಳು ಒಣಹುಲ್ಲಿನ ನೆರಳಿನ ಜೊತೆ ಸೇರಿಕೊಳ್ಳುತ್ತವೆ. ಗಂಡಿನ ಹಣೆಯ ಮೇಲೆ ಕಪ್ಪು-ಬಿಳಿ ಪಟ್ಟಿ ಇದೆ, ಅದಾದರೂ ಗುರುತು ಕೊಡುತ್ತೆ. ಹೆಣ್ಣಿನಲ್ಲಿ ಅದೂ ಇಲ್ಲ. ಕೊನೆಗೆ ಉಳಿಯುವುದು ಕಣ್ಣು, ಅದರ ಸುತ್ತ ಇರುವ ತೆಳು ಹಳದಿ ಚರ್ಮ. ಅದನ್ನು ಹಿಡಿದುಕೊಂಡರೆ ನಿಧಾನವಾಗಿ ಇಡೀ ಹಕ್ಕಿ ಮೂಡುತ್ತದೆ.

ಹಾಗಾಗಿ ಕಣ್ಣಿಗೆ ಬೀಳಲ್ಲ ಅನ್ನುವ ನಿಮ್ಮ ತೊಂದರೆಗೆ ಉತ್ತರ ಇದೇ: ಹಕ್ಕಿಯನ್ನು ಹುಡುಕಬೇಡಿ, ನೆರಳನ್ನು ಹುಡುಕಿ. ಬೆಳಗ್ಗೆ ಬಿಸಿಲು ಅಡ್ಡ ಬೀಳುವಾಗ ನಡೆದಾಡುವ ಹಕ್ಕಿಯ ನೆರಳು ಹಕ್ಕಿಗಿಂತ ಉದ್ದ. ಕಲ್ಲು, ಹುಲ್ಲಿನ ನೆರಳು ಚಲಿಸಲ್ಲ, ಇದು ಚಲಿಸುತ್ತೆ. ಎರಡನೆಯದು ಗುಂಡಗಿನ ಅಂಚು. ಒಡೆದ ಕಲ್ಲಿನಲ್ಲಿ ಮೂಲೆ, ಬಿರುಕು ಜಾಸ್ತಿ. ಹಕ್ಕಿಯ ಬೆನ್ನಿನಂಥ ನಯವಾದ ಬಾಗು ಕಡಿಮೆ. ಬೈನಾಕ್ಯುಲರ್‌ನಲ್ಲಿ ನೋಡುವಾಗ ಬಲದಿಂದ ಎಡಕ್ಕೆ ಬನ್ನಿ. ನಾವು ಓದುವುದು ಎಡದಿಂದ ಬಲಕ್ಕೆ, ಕಣ್ಣು ಆ ದಿಕ್ಕಿನಲ್ಲಿ ಜಾರಿಕೊಂಡು ಹೋಗಿಬಿಡುತ್ತೆ. ತಿರುಗಾಮುರುಗ ನೋಡಿದರೆ ತಾನಾಗಿ ನಿಧಾನವಾಗುತ್ತೆ.

ಜಾಗದ ಬಗ್ಗೆಯೂ ಹೇಳಬೇಕು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಊರಿನ ಹೆಸರನ್ನೇ ಹೊತ್ತ ಕ್ಲೋಸ್‌ಪೇಟ್ ಗ್ರಾನೈಟ್ ದಕ್ಷಿಣದಲ್ಲಿ ಅಲ್ಲಿಂದ ಉತ್ತರದಲ್ಲಿ ನಿಮ್ಮ ಹೊಸಪೇಟೆ ಸೀಮೆಯವರೆಗೆ ಒಂದು ಪಟ್ಟಿಯ ಹಾಗೆ ಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬೂದು, ಅದರೊಳಗೆ ನಸುಗೆಂಪು ಹರಳು, ಮೇಲೆ ಕಲ್ಲುಹೂವಿನ ಕಲೆ, ಬುಡದಲ್ಲಿ ಮುಳ್ಳುಪೊದೆ. ಈ ಹಕ್ಕಿಗಳ ಗರಿಯಲ್ಲಿ ಇರುವುದೂ ಇವೇ ಬಣ್ಣಗಳು. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟ, ರಾಮದೇವರ ಬೆಟ್ಟ, ದರೋಜಿ ಎಲ್ಲ ಕಡೆ ಇದೆ. ಆದರೂ ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಕಲ್ಲು ಕ್ವಾರಿಗೆ ಹೋಗುತ್ತಿದೆ, ಬುಡದ ಪೊದೆ ಸೌದೆಗೆ ಹೋಗುತ್ತಿದೆ. ಅದಕ್ಕೇ ಈ ಹಕ್ಕಿಗಳ ಫೋಟೊದಲ್ಲಿ ಬಂಡೆಯೂ ಇರಬೇಕು ಅಂತ ನಾನು ಹಟ ಹಿಡಿಯುತ್ತೇನೆ.

2017ರಲ್ಲಿ ಜಾಂಬಿಯಾದ ಹಕ್ಕಿಗಳ ಮೇಲಿನ ಒಂದು ಒಳ್ಳೆಯ ಅಧ್ಯಯನ ಪ್ರಕಟವಾಯಿತು. ನೆಲದ ಮೇಲೆ ಮೊಟ್ಟೆ ಇಡುವ ನತ್ತಿಂಗ (ನೈಟ್‌ಜಾರ್), ಪ್ಲವರ್, ಕೋರ್ಸರ್ ಹಕ್ಕಿಗಳನ್ನು ಸಂಶೋಧಕರು ನೋಡಿದರು. ಒಂದೊಂದು ಹಕ್ಕಿಯೂ ತನ್ನದೇ ಗರಿಗೆ ಅಥವಾ ತನ್ನದೇ ಮೊಟ್ಟೆಯ ಬಣ್ಣಕ್ಕೆ ಹೊಂದುವ ನೆಲವನ್ನು ಆರಿಸಿಕೊಳ್ಳುತ್ತದೆ ಅಂತ ಗೊತ್ತಾಯಿತು. ಅಂದರೆ ಹಕ್ಕಿ ಸುಮ್ನೆ ಎಲ್ಲೋ ಕೂರುವುದಲ್ಲ. ಆ ಒಣ ಎಲೆ, ಆ ಕಲ್ಲುಚೂರು ಅದರ ಲೆಕ್ಕದಲ್ಲಿ ಇರುತ್ತವೆ. ಫ್ರೇಮ್ 'ಕ್ಲೀನ್' ಮಾಡಲು ಒಂದು ಕಡ್ಡಿ ತೆಗೆದರೂ ಅದರ ಮನೆಯ ಗೋಡೆಗೆ ಕೈ ಹಾಕಿದ ಹಾಗೆ. ಅಡ್ಡ ಬಂದ ಹುಲ್ಲುಕಡ್ಡಿಯನ್ನು ತಪ್ಪಿಸಬೇಕೆಂದರೆ ನೀವು ಅರ್ಧ ಅಡಿ ಪಕ್ಕಕ್ಕೆ ಸರಿಯಿರಿ.

ಈಗ ಕಾಯುವ ವಿಚಾರ. ಎಲ್ಲಿ, ಯಾವಾಗ ಕಾಯಬೇಕು ಅನ್ನುವುದು ಒಂದೊಂದು ಹಕ್ಕಿಗೂ ಬೇರೆ.

ರಾಕ್ ಬುಷ್ ಕ್ವೇಲ್ ಅನ್ನುವ ಲಾವಕ್ಕಿ 17 ಸೆಂ.ಮೀ. ಇದೆ ಅಷ್ಟೇ. ಗುಂಪಿನಲ್ಲಿ ಇರುತ್ತದೆ. ನಡೆದುಕೊಂಡು ಹೋದರೆ ಸಿಗಲ್ಲ, ಕಾಲಿಗೆ ತಾಗುವ ದೂರದಲ್ಲಿ ಬುರ್ರೆಂದು ಎದ್ದು ದಿಕ್ಕಿಗೊಂದರಂತೆ ಹಾರುತ್ತವೆ. ಆದರೆ ಬೆಳಗ್ಗೆ ಮೊದಲ ಬಿಸಿಲಿಗೆ ಬಂಡಿದಾರಿಯ ಅಂಚಿಗೆ ಬರುತ್ತವೆ. ಮಣ್ಣಿನಲ್ಲಿ ಹೊರಳಾಡುತ್ತವೆ. ಕಾರಿನಲ್ಲಿ ಹೋಗಿ, ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿಯ ಮೇಲೆ ಲೆನ್ಸ್ ಇಟ್ಟುಕೊಂಡು ಕೂರಿ. ಕಾರಿಗೆ ಅವು ಅಷ್ಟಾಗಿ ಹೆದರಲ್ಲ. ಬಾಗಿಲು ತೆಗೆದಿರೋ, ಅಲ್ಲಿಗೆ ಮುಗಿಯಿತು. ಗುಂಪು ಒಮ್ಮೆ ಚದುರಿದರೆ ಹಿಂದೆ ಬೀಳಬೇಡಿ. ಸ್ವಲ್ಪ ಹೊತ್ತಿನ ಮೇಲೆ ಒಂದನ್ನೊಂದು ಸಣ್ಣಗೆ ಕೂಗಿ ಕರೆದು ಮತ್ತೆ ಸೇರುತ್ತವೆ. ಆ ಹೊತ್ತಿನಲ್ಲಿ ನೀವು ಅಡ್ಡಾಡುತ್ತಿದ್ದರೆ ಸೇರುವುದಕ್ಕೂ ಆಗಲ್ಲ.

ಸ್ಯಾಂಡ್‌ಗ್ರೌಸ್ ನೀರಿಗೆ ಬರುವುದು ಸೂರ್ಯ ಮುಳುಗಿ ಕತ್ತಲಾಗುತ್ತಿರುವಾಗ. ಅಲ್ಲಿ ಕಾದು ಪ್ರಯೋಜನ ಇಲ್ಲ, ಬೆಳಕು ಇರಲ್ಲ. ಅಭಯಾರಣ್ಯದ ಬಾಗಿಲೂ ಅಷ್ಟರಲ್ಲಿ ಮುಚ್ಚಿರುತ್ತೆ. ಬೆಳಗ್ಗೆ ಮೇಯುವ ಹೊತ್ತೇ ಅದರ ಫೋಟೊಗೆ ಸರಿ. ಬಿಸಿಲೇರಿದ ಮೇಲೆ ಪೊದೆಯ ನೆರಳಿಗೆ ಸೇರಿಬಿಡುತ್ತದೆ.

ಪಿಕಳಾರವನ್ನು ಕಣ್ಣಿನಿಂದ ಅಲ್ಲ, ಕಿವಿಯಿಂದ ಹಿಡಿಯಬೇಕು. ಊರಿನ ಕೆಂಪು ಮೀಸೆಯ, ಬಾಲದ ಬುಡ ಕೆಂಪಗಿರುವ ಪಿಕಳಾರಗಳ ದನಿ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಆಗ ಇದರ ದನಿ ಬೇರೆ ಅಂತ ತಕ್ಷಣ ತಿಳಿಯುತ್ತೆ. ಬಂಡೆ ಸಂದಿಯಲ್ಲಿ ಬೆಳೆದ ಬಸರಿ, ಗೋಣಿ, ಆಲದಂಥ ಮರದಲ್ಲಿ ಹಣ್ಣಾಗಿದ್ದರೆ ಅಲ್ಲೇ ಠಿಕಾಣಿ ಹೂಡಿ. ಇನ್ನೊಂದು ಒಳ್ಳೆಯ ಜಾಗ ದೊಣೆ, ಅಂದರೆ ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ. ಬೇಸಿಗೆಯಲ್ಲಿ ಬಂಡೆಯ ಮೇಲಿನ ದೊಣೆಯಲ್ಲಿ ಒಂದು ಬೊಗಸೆ ನೀರು ಉಳಿದಿದ್ದರೂ ಸುತ್ತಲಿನ ಹಕ್ಕಿಗಳಿಗೆಲ್ಲ ಗೊತ್ತಿರುತ್ತೆ. ಆದರೆ ಅದೊಂದೇ ನೀರು ಅನ್ನುವ ಕಡೆ ದೊಣೆಯ ದಂಡೆಯಲ್ಲೇ ಕೂರುವುದು ತಪ್ಪು. ನೀವಿರುವಷ್ಟು ಹೊತ್ತೂ ಅವುಗಳಿಗೆ ನೀರಿಲ್ಲ. ಇಪ್ಪತ್ತು ಮೀಟರ್ ಆಚೆ ಕೂತು, ಹಕ್ಕಿ ಬಂದುಹೋಗುವ ದಾರಿಯ ಮೇಲಿನ ಒಂದು ಕಲ್ಲನ್ನು ಗುರಿಯಾಗಿ ಇಟ್ಟುಕೊಳ್ಳಿ. ನೀರಿಗೆ ಇಳಿಯುವ ಮುಂಚೆ ಅವು ಎತ್ತರದ ಒಂದು ಕಲ್ಲಿನ ಮೇಲೆ ನಿಂತು ಸುತ್ತ ನೋಡುತ್ತವೆ. ನಿಮಗೆ ಬೇಕಾದ ಫೋಟೊ ಅಲ್ಲೇ ಸಿಗುತ್ತೆ.

ಕೂರುವಾಗ ಬಂಡೆಯ ಹಿಂದೆ ಅವಿತು ಇಣುಕಬೇಡಿ. ಬಂಡೆಯ ಮುಂದೆ, ಅದಕ್ಕೆ ಬೆನ್ನು ಕೊಟ್ಟು ಕೂರಿ. ಇಣುಕುವ ತಲೆ ಆಕಾಶಕ್ಕೆ ಎದುರಾಗಿ ಕಾಣುತ್ತೆ, ಹಕ್ಕಿಗೆ ಅದಕ್ಕಿಂತ ಭಯ ಬೇರೆ ಇಲ್ಲ. ಬೆನ್ನ ಹಿಂದೆ ಬಂಡೆ ಇದ್ದರೆ ನಿಮ್ಮ ಆಕಾರವೂ ಕರಗುತ್ತೆ. ಅಂದರೆ ಹಕ್ಕಿ ಏನು ಮಾಡುತ್ತದೋ ಅದನ್ನೇ ನೀವೂ ಮಾಡುವುದು. ಬಟ್ಟೆ ಮಾಸಲು ಬಣ್ಣದ್ದಿರಲಿ. ನಡೆದು ಹೋಗುವಾಗ ಬಿಡಿ ಕಲ್ಲುಚೂರಿನ ಮೇಲೆ ಬೇಡ, ಸದ್ದಾಗುತ್ತೆ. ಹಾಸುಬಂಡೆಯ ಮೇಲೆ ಹೆಜ್ಜೆ ಇಡಿ. ಟ್ರೈಪಾಡ್ ಕಾಲು ಕಲ್ಲಿಗೆ ತಾಗಿದರೂ ಟಣ್ ಅನ್ನುತ್ತೆ. ಅದರ ಬದಲು ಗಟ್ಟಿ ಬಟ್ಟೆಯ ಚೀಲಕ್ಕೆ ಹುರಳಿ ತುಂಬಿ ಹೊಲಿಸಿಕೊಳ್ಳಿ. ಕಲ್ಲಿನ ಮೇಲೆ ಇಟ್ಟರೆ ಲೆನ್ಸ್ ಅಲ್ಲಾಡಲ್ಲ.

ಹಕ್ಕಿ ಒಂದು ಸಲ ಬಂತು ಅಂತಿಟ್ಟುಕೊಳ್ಳಿ. ಅದರ ಮೈ ಓದುವುದನ್ನು ಕಲಿಯಿರಿ. ಗರಿ ಸಡಿಲವಾಗಿ ಉಬ್ಬಿದೆ, ಹೆಕ್ಕುತ್ತಿದೆ, ಕೊಕ್ಕಿನಿಂದ ಮೈ ತೀಡಿಕೊಳ್ಳುತ್ತಿದೆ ಅಂದರೆ ನೀವು ಅದರ ಲೆಕ್ಕಕ್ಕೇ ಇಲ್ಲ. ಗರಿ ಮೈಗೆ ಅಂಟಿದೆ, ಕತ್ತು ಒಳಕ್ಕೆ ಹೋಗಿದೆ, ಮೈ ಚಪ್ಪಟೆಯಾಗಿದೆ ಅಂದರೆ ನೀವು ಜಾಸ್ತಿ ಹತ್ತಿರ ಇದ್ದೀರಿ. ನತ್ತಿಂಗದಲ್ಲಿ ಇದು ಇನ್ನೂ ಸ್ಪಷ್ಟ. ಹಗಲು ನೆಲದ ಮೇಲೆ ಮಲಗಿರುತ್ತದೆ. ನೀವು ಹತ್ತಿರವಾದಂತೆ ರೆಪ್ಪೆಯನ್ನು ಸಣ್ಣ ಸೀಳಾಗಿ ಮಾಡಿಕೊಂಡು ಆ ಸೀಳಿನೊಳಗಿಂದ ನಿಮ್ಮನ್ನೇ ನೋಡುತ್ತಿರುತ್ತದೆ. 'ನಿದ್ದೆ ಮಾಡುತ್ತಿರುವ ನತ್ತಿಂಗ' ಅಂತ ನಾವು ನೋಡುವ ಎಷ್ಟೋ ಫೋಟೊಗಳು ನಿದ್ದೆಯವಲ್ಲ. ಅಂಥ ಗುರುತು ಕಂಡರೆ ನೋಟ ಬೇರೆ ಕಡೆ ತಿರುಗಿಸಿ, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಸರಿಯಿರಿ. ಎದ್ದು ಬಿರಬಿರನೆ ಹೋಗಬೇಡಿ.

ಫೋಟೊದಲ್ಲಿ ಹಕ್ಕಿ ಕಲ್ಲಿನಿಂದ ಬಿಡಿಸಿಕೊಂಡು ಕಾಣಬೇಕು ಅಂದರೆ ಮಾಡಬೇಕಾದ ಮೊದಲ ಕೆಲಸ ಕೆಳಗೆ ಇಳಿಯುವುದು. ಇದಕ್ಕೆ ಲೆಕ್ಕ ಇದೆ. ಹತ್ತು ಮೀಟರ್ ದೂರದಲ್ಲಿ ಲಾವಕ್ಕಿ ನಿಂತಿದೆ, ತಲೆ ನೆಲದಿಂದ 12 ಸೆಂ.ಮೀ. ಎತ್ತರದಲ್ಲಿದೆ ಅನ್ನೋಣ. ನೀವು ನಿಂತು ತೆಗೆದರೆ ಕ್ಯಾಮೆರಾ 160 ಸೆಂ.ಮೀ. ಎತ್ತರದಲ್ಲಿರುತ್ತೆ. ಆಗ ತಲೆಯ ಹಿಂದೆ ಕಾಣುವ ನೆಲ ಹಕ್ಕಿಯಿಂದ ಬರೀ 80 ಸೆಂ.ಮೀ. ಆಚೆಯದು. ಅದರ ಕಲ್ಲು, ಕಡ್ಡಿ ಎಲ್ಲ ಪೂರ್ತಿ ಕರಗಲ್ಲ, ಹಕ್ಕಿಯ ಗೆರೆಗಳ ಜೊತೆ ಕಲಸಿಕೊಳ್ಳುತ್ತೆ. ಅದೇ ಕ್ಯಾಮೆರಾವನ್ನು 30 ಸೆಂ.ಮೀ.ಗೆ ಇಳಿಸಿ. ಈಗ ತಲೆಯ ಹಿಂದಿನ ನೆಲ ಆರೂವರೆ ಮೀಟರ್‌ಗಿಂತ ಆಚೆಯದು. ಅದು ಬರೀ ಬಣ್ಣವಾಗಿ ಕರಗುತ್ತೆ. ಹಕ್ಕಿ ಅದೇ, ಲೆನ್ಸ್ ಅದೇ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಅದೇ. ಬದಲಾದದ್ದು ನಿಮ್ಮ ಎತ್ತರ ಒಂದೇ.

ಫೋಕಸ್ ಕಲ್ಲಿಗೆ ಹೋಗುವುದು ಕ್ಯಾಮೆರಾ ಕೆಟ್ಟಿರುವುದರಿಂದ ಅಲ್ಲ. ಎಲ್ಲಿ ಬೆಳಕು-ನೆರಳಿನ ಅಂಚು ಜೋರಾಗಿದೆಯೋ ಅಲ್ಲಿಗೆ ಆಟೊಫೋಕಸ್ ಹೋಗುತ್ತೆ. ಬಿರುಕುಬಿಟ್ಟ ಕಲ್ಲಿನ ಅಂಚು ಹಕ್ಕಿಯ ಮೈಗಿಂತ ಜೋರು. ಅಗಲದ ಫೋಕಸ್ ಏರಿಯಾ ಇಟ್ಟರೆ ಕಲ್ಲೇ ಗೆಲ್ಲುತ್ತೆ. ಒಂದೇ ಪಾಯಿಂಟ್ ಇಟ್ಟುಕೊಳ್ಳಿ, ನಿಮ್ಮ ಕ್ಯಾಮೆರಾದಲ್ಲಿ ಇರುವುದರಲ್ಲಿ ಸಣ್ಣದು. ಹಕ್ಕಿಯ ಕಣ್ಣು ಹುಡುಕುವ ಹೊಸ ಕ್ಯಾಮೆರಾಗಳೂ ಇಲ್ಲಿ ತಡವರಿಸುತ್ತವೆ. ನಮ್ಮ ಕಣ್ಣನ್ನು ಏಮಾರಿಸುವ ಗರಿ ಅದನ್ನೂ ಏಮಾರಿಸುತ್ತೆ. ಕಣ್ಣು ಹುಡುಕುವ ಕೆಲಸವನ್ನು ಸಣ್ಣ ಚೌಕದೊಳಗೆ ಮಾತ್ರ ಮಾಡು ಅಂತ ಕ್ಯಾಮೆರಾಗೆ ಹೇಳಿದರೆ ಎಷ್ಟೋ ವಾಸಿ. ಫೋಕಸ್‌ಅನ್ನು ಕ್ಲಿಕ್ ಬಟನ್‌ನಿಂದ ಬಿಡಿಸಿ ಹಿಂದಿನ ಬಟನ್‌ಗೆ ಹಾಕಿಕೊಳ್ಳಿ. ಒಮ್ಮೆ ಸಿಕ್ಕ ಮೇಲೆ ಬೆರಳು ಬಿಟ್ಟುಬಿಡಬಹುದು, ಮತ್ತೆ ಕಲ್ಲಿಗೆ ಓಡಲ್ಲ. ಇನ್ನೊಂದು, ಹಕ್ಕಿ ಬರುವ ಮುಂಚೆಯೇ ಆ ದೂರದ ಒಂದು ಕಲ್ಲಿಗೆ ಫೋಕಸ್ ಮಾಡಿಟ್ಟಿರಿ. ಹಕ್ಕಿ ಬಂದಾಗ ಲೆನ್ಸ್ ಆ ತುದಿಯಿಂದ ಈ ತುದಿಗೆ ಅಲೆಯುವುದು ತಪ್ಪುತ್ತೆ.

600 ಮಿ.ಮೀ., ಅಪರ್ಚರ್ ಎಫ್ 6.3, ಹತ್ತು ಮೀಟರ್ ದೂರ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಇಷ್ಟಕ್ಕೆ ಶಾರ್ಪ್ ಆಗಿ ಬರುವುದು ಹೆಚ್ಚುಕಡಿಮೆ 10 ಸೆಂ.ಮೀ. ಆಳ. ಲಾವಕ್ಕಿ ಅಡ್ಡ ನಿಂತರೆ ಇಡೀ ಹಕ್ಕಿ ಬರುತ್ತೆ. ನಿಮ್ಮ ಕಡೆ ಮುಖ ಮಾಡಿದರೆ ಕಣ್ಣು ಬಂದು ಬಾಲ ಹೋಗುತ್ತೆ. ಅಡ್ಡ ತಿರುಗುವವರೆಗೂ ಕಾಯಿರಿ, ಇಲ್ಲವೇ ಎಫ್ 8ಕ್ಕೆ ಹೋಗಿ. ಕಿಂಡಿಯನ್ನು ಅದಕ್ಕಿಂತ ಮುಚ್ಚಿದರೆ ಹಿಂದಿನ ಕಲ್ಲು ಮತ್ತೆ ಮೂಡಲು ಶುರುವಾಗುತ್ತೆ. ನಡೆಯುವ ಹಕ್ಕಿಗೆ ಶಟರ್ 1/800 ಸೆಕೆಂಡ್ ಸಾಕು, ಹಾರುವಾಗ ಬೇಕಾದರೆ 1/2500. ಬೆಳಕು ಕಡಿಮೆಯಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಲು ಹಿಂಜರಿಯಬೇಡಿ. ಬಿಸಿಲು ಬಿದ್ದ ತಿಳಿ ಬಣ್ಣದ ಬಂಡೆ ಫ್ರೇಮ್ ತುಂಬಿದ್ದರೆ ಕ್ಯಾಮೆರಾ ಫೋಟೊವನ್ನು ಕಪ್ಪಾಗಿಸುತ್ತೆ. ಎಕ್ಸ್‌ಪೋಶರ್ ಸ್ವಲ್ಪ ಮೇಲಕ್ಕೆ ಹಾಕಿ.

ಬೇಸಿಗೆಯಲ್ಲಿ ಒಂಬತ್ತು, ಒಂಬತ್ತೂವರೆ ಆದ ಮೇಲೆ ಬಂಡೆ ಬಿಸಿಯೇರುತ್ತೆ, ಅದರ ಮೇಲಿನ ಗಾಳಿ ನಡುಗುತ್ತೆ. ನೆಲಕ್ಕೆ ಹತ್ತಿರವಾದಷ್ಟೂ ನಡುಕ ಜಾಸ್ತಿ. ಆಗ ತೆಗೆದ ಯಾವ ಫೋಟೊವೂ ಶಾರ್ಪ್ ಇರಲ್ಲ. ಜನ ಲೆನ್ಸ್‌ಗೆ ಬಯ್ಯುತ್ತಾರೆ, ಸರ್ವಿಸ್‌ಗೆ ಕೊಡುತ್ತಾರೆ. ತಪ್ಪು ಗಾಳಿಯದು. ಕೆಳಗೆ ಮಲಗಿ ತೆಗೆಯುವ ಕೆಲಸವನ್ನೆಲ್ಲ ಕಲ್ಲು ತಣ್ಣಗಿರುವಾಗಲೇ ಮುಗಿಸಿಕೊಳ್ಳಿ. ಮೋಡ ಕವಿದ ದಿನ ಸಿಕ್ಕರೆ ಬಿಡಬೇಡಿ. ಗರಿಯ ಸೂಕ್ಷ್ಮ ಗೆರೆಗಳು ಮಂದ ಬೆಳಕಿನಲ್ಲೇ ಚೆನ್ನಾಗಿ ಬರುವುದು.

ಇನ್ನು ಮೊಬೈಲ್‌ನಲ್ಲಿ ಕೂಗು ಹಾಕುವುದು. ಬೇಡ. ಪಿಕಳಾರಕ್ಕೆ ಹಾಕಿದರೆ ಬರಬಹುದು. ಆದರೆ ಬರುವುದು ನಿಮ್ಮ ಮೇಲಿನ ಪ್ರೀತಿಗಲ್ಲ, ತನ್ನ ಜಾಗಕ್ಕೆ ಇನ್ನೊಂದು ನುಗ್ಗಿದೆ ಅನ್ನುವ ಗಾಬರಿಗೆ. ಮೇಯುವುದು, ಮರಿಗೆ ಉಣಿಸುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ನಂದಿಬೆಟ್ಟದಂಥ ಕಡೆ ವಾರಕ್ಕೆ ಎಷ್ಟು ಜನ ಕ್ಯಾಮೆರಾ ಹಿಡಿದು ಬರುತ್ತಾರೆ ಯೋಚಿಸಿ. ಒಬ್ಬೊಬ್ಬರೂ ಒಂದೇ ಸಲ ಹಾಕಿದರೂ ಆ ಒಂದು ಜೋಡಿಗೆ ದಿನವಿಡೀ ಜಗಳವೇ ಅಲ್ವಾ? ಕಾಳು ಚೆಲ್ಲಿ ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ಬುಟ್ಟಿ, ಬಲೆ ಇಟ್ಟು ಲಾವಕ್ಕಿ ಹಿಡಿಯುವವರು ಇನ್ನೂ ಇದ್ದಾರೆ. ಮನುಷ್ಯ ಚೆಲ್ಲಿದ ಕಾಳು ನಂಬಬಹುದು ಅಂತ ಆ ಹಕ್ಕಿಗೆ ನಾವು ಕಲಿಸಬಾರದು.

ಗೂಡಿನ ಫೋಟೊ ಪೂರ್ತಿ ಬಿಟ್ಟುಬಿಡಿ. ಸ್ಯಾಂಡ್‌ಗ್ರೌಸ್, ನತ್ತಿಂಗ ಬೇಸಿಗೆಯಲ್ಲೂ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ತಾಯಿ ಕೂತಿರುವುದು ಕಾವಿಗೆ ಮಾತ್ರ ಅಲ್ಲ, ನೆರಳಿಗೂ. ನೀವು ಎಬ್ಬಿಸಿದರೆ ಕಾದ ನೆಲದ ಮೇಲೆ ಮೊಟ್ಟೆ ಬಿಸಿಲಿಗೆ ಬೀಳುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವುದರ ವಿವರಣೆಯೊಳಗೆ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದವನಿಗೂ ಗೂಡು ಕೆದಕಿದವನಿಗೂ ಕಾನೂನಿನಲ್ಲಿ ಒಂದೇ ಹೆಸರು. ಗೂಡಿನ ಜಾಗ ಗೊತ್ತಾದರೆ ಯಾರಿಗೂ ಹೇಳಬೇಡಿ. ಫೋಟೊ ಫೈಲಿನಲ್ಲಿ ಸೇರಿಕೊಂಡಿರುವ ಜಾಗದ ಗುರುತನ್ನು (ಜಿಪಿಎಸ್) ಅಳಿಸಿಯೇ ಹಂಚಿಕೊಳ್ಳಿ.

ನಿಮ್ಮ ಕಡೆಯ ಬಂಡೆಗಳಲ್ಲಿ ನೀವೂ ಹುಷಾರಾಗಿರಬೇಕು. ದರೋಜಿ 1994ರಲ್ಲಿ ಕರಡಿಗಾಗಿಯೇ ಮಾಡಿದ ಧಾಮ. ಕರಡಿಗಳು ಅದರ ಬೇಲಿಯೊಳಗೇ ಇರಬೇಕು ಅಂತೇನಿಲ್ಲ. ಮಬ್ಬುಗತ್ತಲಲ್ಲಿ ಒಬ್ಬರೇ ಬಂಡೆಗಳ ಸಂದಿಗೆ ಹೋಗಲೇಬೇಡಿ. ಪೂರ್ತಿ ಬೆಳಕಾಗಲಿ. ಕಾಣದ ಸಂದಿಗೆ ಕೈ ಹಾಕಬೇಡಿ, ಮಲಗುವ ಮುಂಚೆ ಜಾಗ ನೋಡಿಕೊಳ್ಳಿ, ಅಲ್ಲಿ ಮಂಡಲದ ಹಾವು ಇರುತ್ತೆ. ತಲೆಯೆತ್ತಿ ಹೆಜ್ಜೇನಿದೆಯಾ ಅಂತಲೂ ನೋಡಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಫೋಟೊಗ್ರಫಿ ಮಾಡುವ ಹಾಗಿಲ್ಲ. ದರೋಜಿಯ ವೀಕ್ಷಣಾ ಗೋಪುರದಿಂದ ಕರಡಿ ಚೆನ್ನಾಗಿ ಕಾಣುತ್ತೆ, ಆದರೆ ಸಣ್ಣ ಹಕ್ಕಿಗೆ ಆ ದೂರ ಜಾಸ್ತಿಯೇ. ನಿಮ್ಮ ಊರಿನ ಹೊಲದ ಬದುವಿಗೆ ತಾಗಿದ ಗುಡ್ಡದಲ್ಲೇ ಲಾವಕ್ಕಿ ಇದ್ದೀತು. ಅಲ್ಲಿಂದ ಶುರುಮಾಡಿ. ಒಂದೇ ಗುಡ್ಡಕ್ಕೆ ಮತ್ತೆ ಮತ್ತೆ ಹೋದರೆ ಯಾವ ಪೊದೆಯ ಬುಡದಲ್ಲಿ ಯಾವ ಹೊತ್ತಿಗೆ ಯಾರು ಇರುತ್ತಾರೆ ಅಂತ ಗೊತ್ತಾಗುತ್ತಾ ಹೋಗುತ್ತೆ.

ದೊಡ್ಡ ಲೆನ್ಸ್ ಬೇಡ. ನಿಮ್ಮ 150–600 ಈ ಕೆಲಸಕ್ಕೆ ಸಾಕು. ಹಾಗೆ ನೋಡಿದರೆ ಕೆಲವು ಸಲ 600ಕ್ಕೆ ಹೋಗದೆ 300ರಲ್ಲೇ ನಿಲ್ಲಿ ಅನ್ನುತ್ತೇನೆ. ಹಕ್ಕಿ ಫ್ರೇಮಿನ ಒಂದು ಮೂಲೆಯಲ್ಲಿ ಸಣ್ಣಗಿರಲಿ, ಉಳಿದ ಜಾಗದಲ್ಲಿ ಅದರ ಬಂಡೆ, ಪೊದೆ, ಒಣಹುಲ್ಲು ಬರಲಿ. ನೋಡುವವರು ಒಂದು ಗಳಿಗೆ ಹುಡುಕಿ ಆಮೇಲೆ ಹಕ್ಕಿಯನ್ನು ಕಂಡುಕೊಳ್ಳುವ ಫೋಟೊ ಅದು. ಎಡಿಟ್ ಮಾಡುವಾಗ ಹಕ್ಕಿಯ ಮೈಗೆ ಮಾತ್ರ ಒಂಚೂರು ಬೆಳಕು ಕೊಟ್ಟರೆ ಸಾಕು, ಶಾರ್ಪ್‌ನೆಸ್ ಜಾಸ್ತಿ ಏರಿಸಿದರೆ ಕಲ್ಲಿನ ಹರಳೇ ಎದ್ದು ಕಾಣುತ್ತೆ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಒಂದು ಒಳ್ಳೆಯ 8×42 ಬೈನಾಕ್ಯುಲರ್ ಕೊಳ್ಳಿ. ಇಂಥ ಜಾಗದಲ್ಲಿ ಕ್ಯಾಮೆರಾ ಎತ್ತುವ ಮುಂಚೆ ಹತ್ತು ನಿಮಿಷವಾದರೂ ಅದರಲ್ಲೇ ನೋಡಬೇಕಾಗುತ್ತೆ.